ಟ್ರಯಲ್ ಮುಗಿದೊಡನೆ ಬಳಕೆದಾರರ ಕೆಲಸಕ್ಕೂ ಬೀಗ: ತಂತ್ರಾಂಶ ಕಂಪನಿಗೆ ಒಂದು ದೂರು ಪತ್ರ

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ
ಪ್ರತಿ: ಲೈಸೆನ್ಸ್ ವಿಭಾಗ ಮತ್ತು ತಂತ್ರಾಂಶ ತಯಾರಿಕಾ ತಂಡ

ವಿಷಯ: 30 ದಿನಗಳ ಉಚಿತ ಟ್ರಯಲ್ ಮುಗಿದ ನಂತರ ಕ್ಯಾಟಲಾಗ್ ತೆರೆಯದಿರುವುದು, ಅವಧಿಯ ತಪ್ಪು ಎಣಿಕೆ, ಕಾರ್ಡಿನಿಂದ ಹಣ ಕಡಿತ ಮತ್ತು ಅಪೂರ್ಣ ಅನ್‌ಇನ್‌ಸ್ಟಾಲ್ ಕುರಿತು.

ಮಾನ್ಯರೇ,

ನಿಮ್ಮ ಫೋಟೊ ಸಂಗ್ರಹ ಮತ್ತು ಸಂಸ್ಕರಣಾ ತಂತ್ರಾಂಶದ ಟ್ರಯಲ್ ಅವಧಿ ಮುಗಿದ ಕಂಪ್ಯೂಟರ್‌ಗಳಲ್ಲಿ ಏನೇನು ಕೆಡುತ್ತಿದೆ ಎಂಬುದನ್ನು ಒಂದೊಂದಾಗಿ ಪರೀಕ್ಷಿಸಿ ಈ ಪತ್ರ ಬರೆಯುತ್ತಿದ್ದೇವೆ. ಅವಧಿ ವಿಸ್ತರಿಸಿ ಎಂದು ನಾವು ಕೇಳುತ್ತಿಲ್ಲ. ತಂತ್ರಾಂಶ ನಿಮ್ಮದು, ಅದಕ್ಕೆ ಬೆಲೆ ಕೇಳುವ ಹಕ್ಕೂ ನಿಮ್ಮದು. ಆದರೆ ಆ 30 ದಿನಗಳಲ್ಲಿ ಬಳಕೆದಾರರು ಕೂತು ಮಾಡಿದ ಕೆಲಸ ಅವರದು. ನಿಮ್ಮ ಲೈಸೆನ್ಸ್ ವ್ಯವಸ್ಥೆ ಎರಡಕ್ಕೂ ಸೇರಿಸಿ ಒಂದೇ ಬೀಗ ಜಡಿಯುತ್ತಿದೆ. ನಮ್ಮ ಮುಖ್ಯ ದೂರು ಇದೇ.

ಮೊದಲು ಕ್ಯಾಟಲಾಗ್ ವಿಚಾರ. ನಿಮ್ಮ ತಂತ್ರಾಂಶ ಮೂಲ ರಾ ಫೈಲನ್ನು (ಕ್ಯಾಮೆರಾ ಬರೆದ, ಸಂಸ್ಕರಿಸದ ಫೈಲ್) ಮುಟ್ಟುವುದಿಲ್ಲ. ಅದು ಒಳ್ಳೆಯ ವಿನ್ಯಾಸ, ಅದರಲ್ಲಿ ತಕರಾರಿಲ್ಲ. ಎಕ್ಸ್‌ಪೋಷರ್ ಎಷ್ಟು ಏರಿಸಿದ್ದು, ವೈಟ್ ಬ್ಯಾಲೆನ್ಸ್ ಎಷ್ಟಕ್ಕೆ ನಿಲ್ಲಿಸಿದ್ದು, ಎಲ್ಲಿ ಕ್ರಾಪ್ ಮಾಡಿದ್ದು, ಯಾವ ಚಿತ್ರಕ್ಕೆ ಎಷ್ಟು ನಕ್ಷತ್ರ, ಯಾವ ಕೀವರ್ಡ್ ಎಂಬುದೆಲ್ಲ ಸೂಚನೆಗಳಾಗಿ ಕ್ಯಾಟಲಾಗ್ ಎಂಬ ಒಂದೇ ಫೈಲಿನಲ್ಲಿ ಕೂಡಿರುತ್ತವೆ. ಅಂದರೆ ಒಂದು ತಿಂಗಳ ದುಡಿಮೆ ಇರುವುದು ಚಿತ್ರಗಳಲ್ಲಲ್ಲ, ಆ ಕ್ಯಾಟಲಾಗಿನಲ್ಲಿ. 31ನೇ ದಿನ ತಂತ್ರಾಂಶ ತೆರೆದರೆ ಕಾಣುವುದು ‘ಖರೀದಿಸಿ’ ಮತ್ತು ‘ನಿರ್ಗಮಿಸಿ’ ಎಂಬ ಎರಡು ಗುಂಡಿಗಳು ಮಾತ್ರ. ಚಿತ್ರಗಳ ಪಟ್ಟಿ ನೋಡಲಾಗದು, ಎಕ್ಸ್‌ಪೋರ್ಟ್ ಮಾಡಲಾಗದು, ಹಾಕಿದ ನಕ್ಷತ್ರಗಳನ್ನೂ ಓದಲಾಗದು.

ಕ್ಯಾಟಲಾಗ್ ಫೈಲ್ ಎಸ್‌ಕ್ಯುಲೈಟ್ ಎಂಬ ಡೇಟಾಬೇಸ್ ಮಾದರಿಯದು, ಆದ್ದರಿಂದ ಯಾವುದೇ ಎಸ್‌ಕ್ಯುಲೈಟ್ ಓದುಗದಲ್ಲಿ ತೆರೆಯುತ್ತದೆ. ತೆರೆದು ನೋಡಿದೆವು. ಫೈಲ್ ಹೆಸರು, ಫೋಲ್ಡರ್ ದಾರಿ, ನಕ್ಷತ್ರ, ಕೀವರ್ಡ್‌ಗಳು ಸಾದಾ ಪಠ್ಯವಾಗಿ ಸಿಗುತ್ತವೆ. ತಿದ್ದುಪಡಿಗಳ ಕಾಲಂ ಮಾತ್ರ ಸಂಕುಚಿತ ರೂಪದಲ್ಲಿದ್ದು, ನಿಮ್ಮ ತಂತ್ರಾಂಶ ಬಿಟ್ಟರೆ ಬೇರೆ ಯಾವುದಕ್ಕೂ ಅರ್ಥವಾಗುವುದಿಲ್ಲ. ಹೀಗೆ ಡೇಟಾಬೇಸ್ ಬಿಡಿಸಿ ಅರ್ಧ ಮಾಹಿತಿ ಹೊರತೆಗೆಯುವುದು ಸಾಮಾನ್ಯ ಬಳಕೆದಾರರಿಂದ ಆಗುವ ಕೆಲಸವೂ ಅಲ್ಲ.

‘ಅವಧಿ ಮುಗಿಯುವ ಮೊದಲೇ ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡಿಕೊಳ್ಳಬೇಕಿತ್ತು’ ಎಂಬುದು ನಿಮ್ಮ ಸಹಾಯ ವಿಭಾಗದ ಸಿದ್ಧ ಉತ್ತರ. ಲೆಕ್ಕ ಹಾಕಿ ನೋಡಿ. 24 ಮೆಗಾಪಿಕ್ಸೆಲ್‌ನ ಒಂದು ಚಿತ್ರವನ್ನು 16 ಬಿಟ್ ಟಿಫ್ (ಚಿತ್ರ ಫೈಲಿನ ಒಂದು ಮಾದರಿ) ಆಗಿ, ಸಂಕೋಚನವಿಲ್ಲದೆ ತೆಗೆದರೆ ಸುಮಾರು 144 ಎಂಬಿ. 2,000 ಚಿತ್ರಗಳಿಗೆ 288 ಜಿಬಿ. ಅಷ್ಟು ಜಾಗ ಹೊಂದಿಸಿಕೊಂಡು ತೆಗೆದರೂ ಸಿಗುವುದು ಬೆಂದ ಚಿತ್ರ. ಎಕ್ಸ್‌ಪೋಷರನ್ನು ಹಿಂದಕ್ಕೆಳೆಯುವ, ಕ್ರಾಪನ್ನು ಮತ್ತೆ ಸಡಿಲಿಸುವ ಅವಕಾಶ ಅಲ್ಲಿರುವುದಿಲ್ಲ. ಜೆಪೆಗ್‌ನಲ್ಲಿ ತೆಗೆದರೆ ಗಾತ್ರ ಕಡಿಮೆಯಾಗುತ್ತದೆ, ಆದರೆ ಬಣ್ಣದ ಆಳ 8 ಬಿಟ್‌ಗೆ ಇಳಿಯುತ್ತದೆ. ಇದಕ್ಕೆ ಬದಲಾಗಿ ಪ್ರತಿ ಚಿತ್ರದ ಪಕ್ಕದಲ್ಲಿ ಒಂದು ಎಕ್ಸ್‌ಎಂಪಿ ಸೈಡ್‌ಕಾರ್ ಫೈಲ್ (ತಿದ್ದುಪಡಿ, ಕೀವರ್ಡ್‌ಗಳನ್ನು ಬರೆದಿಡುವ ಜೊತೆ ಫೈಲ್) ಬರೆದರೆ ಅದು ಪಠ್ಯ ಮಾತ್ರ, ಸಾಮಾನ್ಯವಾಗಿ ಕೆಲವೇ ಕೆಬಿ. 2,000 ಚಿತ್ರಗಳಿಗೆ ಕೆಲವು ಹತ್ತು ಎಂಬಿ ಸಾಕು. ಎಕ್ಸ್‌ಎಂಪಿ 2012ರಿಂದ ಐಎಸ್‌ಒ 16684-1 ಎಂಬ ಅಂತರರಾಷ್ಟ್ರೀಯ ಮಾನದಂಡವಾಗಿದೆ. ಅದರಲ್ಲಿ ಬರೆದ ನಕ್ಷತ್ರ, ಕೀವರ್ಡ್, ಶೀರ್ಷಿಕೆಗಳನ್ನು ಬೇರೆ ತಂತ್ರಾಂಶಗಳೂ ಓದುತ್ತವೆ. ನಿಮ್ಮ ಬಣ್ಣದ ಹೊಂದಾಣಿಕೆಗಳು ಬೇರೆಡೆ ಹಾಗೆಯೇ ಮೂಡಿಬರಲಾರವು, ಅದನ್ನು ಒಪ್ಪುತ್ತೇವೆ. ಆದರೂ ನಾಳೆ ಲೈಸೆನ್ಸ್ ಕೊಂಡವರಿಗೆ, ಕ್ಯಾಟಲಾಗ್ ಕಳೆದುಹೋಗಿದ್ದರೂ ಸೈಡ್‌ಕಾರ್‌ನಿಂದ ಎಲ್ಲವೂ ಮರಳಿ ಬರುತ್ತದೆ.

ಈ ಸೌಲಭ್ಯ ನಿಮ್ಮ ತಂತ್ರಾಂಶದಲ್ಲಿ ಈಗಾಗಲೇ ಇದೆ! ಸೆಟ್ಟಿಂಗ್‌ಗಳ ಮೂರನೇ ಹಂತದೊಳಗೆ, ಆಫ್ ಆಗಿ ಕೂತಿದೆ. ಟ್ರಯಲ್ ಬಳಸುವವರ ಗಮನಕ್ಕೆ ಅದು ಬರುವ ಹೊತ್ತಿಗೆ ತಂತ್ರಾಂಶ ತೆರೆಯುವುದಿಲ್ಲ.

ಹಣ ಕೇಳುತ್ತಲೇ ಬಳಕೆದಾರರ ಕೆಲಸವನ್ನು ಅವರ ಕೈಯಲ್ಲಿ ಬಿಡುವ ದಾರಿಗಳು ಈ ಉದ್ಯಮದಲ್ಲಿ ಹೊಸವಲ್ಲ. ಅಡೋಬಿ ಕಂಪನಿಯ ಫೋಟೊ ತಂತ್ರಾಂಶ ಲೈಟ್‌ರೂಮ್ ಕ್ಲಾಸಿಕ್‌ನ ಚಂದಾ ಮುಗಿದರೆ ಚಿತ್ರ ತಿದ್ದುವ ಡೆವಲಪ್ ಮತ್ತು ನಕ್ಷೆಯ ಮ್ಯಾಪ್ ವಿಭಾಗಗಳು ಮುಚ್ಚಿಕೊಳ್ಳುತ್ತವೆ, ಆದರೆ ಸಂಗ್ರಹ ನೋಡುವುದಕ್ಕೂ ಎಕ್ಸ್‌ಪೋರ್ಟ್ ಮಾಡುವುದಕ್ಕೂ ಅಡ್ಡಿಯಿಲ್ಲ. ಮೈಕ್ರೋಸಾಫ್ಟ್ 365ರ ಚಂದಾ ಮುಗಿದರೆ ಕಡತ ತೆರೆದು ಓದಬಹುದು, ಮುದ್ರಿಸಬಹುದು. ತಿದ್ದಲು ಮಾತ್ರ ಬಿಡುವುದಿಲ್ಲ. ಫೈಲುಗಳನ್ನು ಕುಗ್ಗಿಸಿ ಬಿಚ್ಚುವ ವಿನ್‌ರಾರ್‌ನ 40 ದಿನದ ಟ್ರಯಲ್ ಕಳೆದ ಮೇಲೆ ನೆನಪೋಲೆಯ ಕಿಟಕಿ ಬರುತ್ತದೆ, ಫೈಲುಗಳು ಬಿಚ್ಚಿಕೊಳ್ಳುತ್ತಲೇ ಇರುತ್ತವೆ. ನೀವು ಇವುಗಳಲ್ಲಿ ಮೊದಲನೆಯದನ್ನು ಅನುಸರಿಸಿದರೂ ನಮ್ಮ ಅರ್ಧ ದೂರು ಇಲ್ಲಿಗೇ ಮುಗಿಯುತ್ತದೆ.

ಇದಕ್ಕಿಂತ ಗಂಭೀರವಾದದ್ದು ಹಳೆಯ ಗ್ರಾಹಕರಿಗೆ ಆಗುತ್ತಿರುವ ನಷ್ಟ. ಹಿಂದಿನ ಆವೃತ್ತಿಯನ್ನು ಹಣ ಕೊಟ್ಟು ಕೊಂಡವರು ಹೊಸ ಆವೃತ್ತಿ ಹೇಗಿದೆ ನೋಡೋಣ ಎಂದು ಟ್ರಯಲ್ ಹಾಕಿದರೆ, ಮೊದಲ ಸಲ ತೆರೆದಾಗಲೇ ‘ಕ್ಯಾಟಲಾಗನ್ನು ನವೀಕರಿಸಲಾಗುವುದು’ ಎಂಬ ಕಿಟಕಿ ಬರುತ್ತದೆ. ‘ಸರಿ’ ಒತ್ತಿದರೆ ಡೇಟಾಬೇಸಿನ ರಚನೆಯೇ ಹೊಸದಕ್ಕೆ ಬದಲಾಗುತ್ತದೆ, ಹಳೆಯ ಆವೃತ್ತಿ ಅದನ್ನು ಇನ್ನು ತೆರೆಯಲಾರದು. 30 ದಿನದ ನಂತರ ಹೊಸದು ಲೈಸೆನ್ಸ್ ಇಲ್ಲವೆಂದು ತೆರೆಯುವುದಿಲ್ಲ, ಹಳೆಯದು ಅರ್ಥವಾಗದೆ ತೆರೆಯುವುದಿಲ್ಲ. ಪೂರ್ತಿ ಹಣ ಕೊಟ್ಟ ಗ್ರಾಹಕರಿಗೆ ತಮ್ಮ ವರ್ಷಗಳ ಸಂಗ್ರಹವೇ ಕೈತಪ್ಪುತ್ತದೆ. ಪರಿವರ್ತನೆಗೆ ಮೊದಲು ಹಳೆಯ ಕ್ಯಾಟಲಾಗಿನ ಜಿಪ್ ಪ್ರತಿಯೊಂದನ್ನು ತಂತ್ರಾಂಶ ಮಾಡಿಡುತ್ತದೆ ನಿಜ. ಆದರೆ ಅದನ್ನು ಇಡುವುದು ಟ್ರಯಲ್‌ನ ಸ್ವಂತ ಡೇಟಾ ಫೋಲ್ಡರಿನೊಳಗೆ. ಟ್ರಯಲ್ ಮುಗಿಯಿತೆಂದು ಅನ್‌ಇನ್‌ಸ್ಟಾಲ್ ಮಾಡುವಾಗ ‘ಬಳಕೆದಾರರ ಡೇಟಾ ಅಳಿಸಿ’ ಎಂಬ ಚೌಕದಲ್ಲಿ ಗುರುತು ಮೊದಲೇ ಬಿದ್ದಿರುತ್ತದೆ, ಅದರೊಂದಿಗೆ ಬ್ಯಾಕಪ್ ಕೂಡ ಹೋಗುತ್ತದೆ. ಇದನ್ನು ಮೂರು ಬೇರೆ ಬೇರೆ ಯಂತ್ರಗಳಲ್ಲಿ ಮಾಡಿ ನೋಡಿದ್ದೇವೆ, ಮೂರರಲ್ಲೂ ಹೀಗೇ ಆಯಿತು. ಟ್ರಯಲ್ ಆವೃತ್ತಿ ಯಾವತ್ತೂ ಮೂಲ ಕ್ಯಾಟಲಾಗನ್ನು ಮುಟ್ಟಕೂಡದು. ಅದರ ನಕಲು ಮಾಡಿಕೊಂಡು, ಬೇರೆ ಹೆಸರಿಟ್ಟು, ಆ ನಕಲನ್ನೇ ಪರಿವರ್ತಿಸಿಕೊಳ್ಳಬೇಕು.

ಇನ್ನು ದಿನಗಳ ಎಣಿಕೆ. 30 ದಿನ ಎಂದು ನೀವು ಹೇಳುವುದು ಹಲವು ಕಡೆ 30 ದಿನ ಆಗುವುದಿಲ್ಲ. ಎಣಿಕೆ ಆರಂಭವಾಗುವುದು ತಂತ್ರಾಂಶವನ್ನು ಮೊದಲ ಸಲ ತೆರೆದಾಗಲ್ಲ, ವೆಬ್‌ಸೈಟಿನಲ್ಲಿ ಖಾತೆ ತೆರೆದಾಗ. ರಾತ್ರಿ 11:50ಕ್ಕೆ ಖಾತೆ ತೆರೆದರೆ ಉಳಿದ ಹತ್ತು ನಿಮಿಷವೇ ಮೊದಲ ದಿನ. ಕೊನೆಯ ದಿನ ಮುಗಿಯುವುದು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಮಧ್ಯರಾತ್ರಿಗೆ; ಯುಟಿಸಿಗಿಂತ 8 ಗಂಟೆ ಹಿಂದಿರುವ ಊರಿನಲ್ಲಿ ಅದು ಸಂಜೆ 4 ಗಂಟೆ. ಕೆಲಸದ ನಡುವೆಯೇ ತಂತ್ರಾಂಶ ಮುಚ್ಚಿಕೊಳ್ಳುತ್ತದೆ. ‘ಇಂತಿಷ್ಟು ದಿನ ಉಳಿದಿದೆ’ ಎನ್ನುವ ಬದಲು ಮುಗಿಯುವ ದಿನಾಂಕ ಮತ್ತು ಗಂಟೆಯನ್ನು ಬಳಕೆದಾರರ ಸ್ಥಳೀಯ ಸಮಯದಲ್ಲಿ ತೋರಿಸುವುದು ಕಷ್ಟದ ಕೆಲಸವೇನಲ್ಲ.

ಗಡಿಯಾರದ ವಿಷಯದಲ್ಲಿ ನಿಮ್ಮ ತಂತ್ರಾಂಶ ನಿರ್ದೋಷಿಗಳನ್ನೂ ಶಿಕ್ಷಿಸುತ್ತಿದೆ. ದಿನಾಂಕ ಹಿಂದಕ್ಕೆ ಸರಿದದ್ದು ಒಮ್ಮೆ ಕಂಡರೆ ಸಾಕು, ‘ಸಿಸ್ಟಂ ಸಮಯ ತಿದ್ದಲಾಗಿದೆ’ ಎಂದು ಟ್ರಯಲನ್ನು ಶಾಶ್ವತವಾಗಿ ಮುಗಿಸಿಬಿಡುತ್ತದೆ. ಯಾರೂ ತಿದ್ದದೆ ದಿನಾಂಕ ಹಿಂದೆ ಹೋಗುವ ಸಂದರ್ಭಗಳು ಕಂಪ್ಯೂಟರ್ ರಿಪೇರಿ ಮಾಡುವ ಎಲ್ಲರಿಗೂ ಗೊತ್ತು. ಮದರ್‌ಬೋರ್ಡಿನಲ್ಲಿರುವ 3 ವೋಲ್ಟಿನ ಸಿಆರ್2032 ನಾಣ್ಯದಾಕಾರದ ಬ್ಯಾಟರಿ ಕೆಲವು ವರ್ಷಗಳಲ್ಲಿ ಬರಿದಾಗುತ್ತದೆ. ಆಮೇಲೆ ಪ್ಲಗ್ ತೆಗೆದು ಹಾಕಿದಾಗಲೆಲ್ಲ ಗಡಿಯಾರ ಫರ್ಮ್‌ವೇರಿನ ಆರಂಭದ ದಿನಾಂಕಕ್ಕೆ, ಎಷ್ಟೋ ವರ್ಷ ಹಿಂದಕ್ಕೆ, ಮರಳುತ್ತದೆ. ಇಂಟರ್‌ನೆಟ್ ಸಿಕ್ಕ ಮೇಲೆ ವಿಂಡೋಸ್ ಸಮಯವನ್ನು ಸರಿಪಡಿಸಿಕೊಳ್ಳುತ್ತದೆ. ಆದರೆ ನಿಮ್ಮ ಹಿನ್ನೆಲೆ ಸೇವೆ ಕಂಪ್ಯೂಟರ್ ಶುರುವಾಗುವಾಗಲೇ ಓಡುವುದರಿಂದ, ಸರಿಪಡಿಸುವ ಮೊದಲಿನ ಆ ಕೆಲವು ಸೆಕೆಂಡುಗಳ ತಪ್ಪು ದಿನಾಂಕವನ್ನೇ ಹಿಡಿದುಕೊಳ್ಳುತ್ತದೆ.

ಎರಡನೆಯ ಸಂದರ್ಭ, ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇರುವುದು. ಹಾರ್ಡ್‌ವೇರ್ ಗಡಿಯಾರದಲ್ಲಿ ಸ್ಥಳೀಯ ಸಮಯ ಇದೆಯೆಂದು ವಿಂಡೋಸ್ ನಂಬುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಅಲ್ಲಿ ಯುಟಿಸಿ ಬರೆಯುತ್ತದೆ. ಲಿನಕ್ಸ್‌ನಿಂದ ವಿಂಡೋಸ್‌ಗೆ ಬಂದಾಗ, ಯುಟಿಸಿಗಿಂತ ಮುಂದಿರುವ ವಲಯಗಳಲ್ಲಿ ಸಮಯ ಕೆಲವು ಗಂಟೆ ಹಿಂದೆ ಬಿದ್ದಿರುತ್ತದೆ. ಗಡಿಯಾರದಲ್ಲಿರುವುದು ಯುಟಿಸಿ ಎಂದು ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಕೋಶವಾದ ರಿಜಿಸ್ಟ್ರಿಯಲ್ಲಿ ತಿಳಿಸಿದರೆ ಇದು ನಿಲ್ಲುತ್ತದೆ, ಆದರೆ ಒಮ್ಮೆ ಬಿದ್ದ ನಿಮ್ಮ ಮುದ್ರೆ ಅಳಿಯುವುದಿಲ್ಲ. ಕೆಲವು ಗಂಟೆಗಳ ವ್ಯತ್ಯಾಸಕ್ಕೆ 24 ಗಂಟೆಯ ಸಡಿಲಿಕೆ ಕೊಡಿ. ಅದಕ್ಕೂ ಹೆಚ್ಚಾದರೆ ತೀರ್ಪು ಕೊಡುವ ಮೊದಲು ನಿಮ್ಮದೇ ಸರ್ವರ್‌ನ ಸಮಯ ಕೇಳಿ ನೋಡಲಿ. ಖಾತೆ ಹೇಗೂ ಆನ್‌ಲೈನ್‌ನಲ್ಲೇ ಇದೆಯಲ್ಲವೇ? ಎಸ್‌ಎಸ್‌ಡಿ ಬದಲಿಸಿದಾಗ ಅಥವಾ ಯುಎಸ್‌ಬಿ ವೈಫೈ ತುಂಡು ಕಿತ್ತು ಬೇರೆ ಹಾಕಿದಾಗ ಯಂತ್ರದ ಗುರುತು ಬದಲಾಯಿತೆಂದು ಟ್ರಯಲ್ ಅಂತ್ಯವಾಗುವುದಕ್ಕೂ ಇದೇ ಪರಿಹಾರ ಸಲ್ಲುತ್ತದೆ.

ಕಾರ್ಡಿನ ವಿಷಯ ನೇರವಾಗಿ ಹೇಳುತ್ತೇವೆ. ಟ್ರಯಲ್ ಆರಂಭಿಸಲು ಕಾರ್ಡ್ ವಿವರ ಕಡ್ಡಾಯ, ಆದರೆ ಹಣ ಕಡಿತವಾಗಲಿದೆ ಎಂಬ ನಿಮ್ಮ ಇಮೇಲ್ ಬರುವುದು ಕಡಿತದ ದಿನವೇ. ಉಚಿತ ಟ್ರಯಲ್‌ನಿಂದ ಚಂದಾಕ್ಕೆ ತಿರುಗುವ ಮಾರಾಟಗಾರರು ಕನಿಷ್ಠ 7 ದಿನ ಮುಂಚಿತವಾಗಿ ನೆನಪೋಲೆ ಕಳಿಸಬೇಕು, ಅದರಲ್ಲಿ ರದ್ದು ಮಾಡುವ ಲಿಂಕ್ ಇರಬೇಕು ಎಂಬ ನಿಯಮವನ್ನು ವೀಸಾ 2020ರ ಏಪ್ರಿಲ್‌ನಲ್ಲಿ ಜಾರಿಗೆ ತಂದಿದೆ. ನಿಮ್ಮ ಪಾವತಿ ಪುಟದಲ್ಲಿ ವೀಸಾ ಗುರುತು ಇದೆ. ನಿಮ್ಮ ಇಮೇಲಿನಲ್ಲಿ ರದ್ದು ಮಾಡುವ ಲಿಂಕ್ ಇಲ್ಲ, ಸಹಾಯ ವಿಭಾಗಕ್ಕೆ ಬರೆಯಿರಿ ಎಂದಷ್ಟೇ ಇದೆ.

ತಂತ್ರಾಂಶ ತೆಗೆದುಹಾಕಿದರೆ ಚಂದಾ ರದ್ದಾಗುವುದಿಲ್ಲ ಎಂಬುದನ್ನು ಅನ್‌ಇನ್‌ಸ್ಟಾಲ್ ಕಿಟಕಿಯಲ್ಲಿ ಒಂದು ಸಾಲು ಬರೆದು ತಿಳಿಸಬೇಕು. ಫೋನಿನ ಆಪ್‌ಗಳಲ್ಲೂ ಹೀಗೇ ಇರುವುದರಿಂದ ಬಹಳ ಜನ ಎರಡೂ ಕಡೆ ಮೋಸಹೋಗುತ್ತಿದ್ದಾರೆ. ಖಾತೆ ಪುಟದಲ್ಲಿ ರದ್ದು ಮಾಡಿದವರಿಗೂ ದೃಢೀಕರಣದ ಇಮೇಲ್ ಬರುವುದಿಲ್ಲ; ಬ್ಯಾಂಕಿನಲ್ಲಿ ಕಡಿತವನ್ನು ಪ್ರಶ್ನಿಸಲು ಅವರ ಕೈಯಲ್ಲಿ ಪುರಾವೆಯೇ ಇರುವುದಿಲ್ಲ. ಟ್ರಯಲ್ ನಡುವೆಯೇ ರದ್ದು ಮಾಡಿದವರ ತಂತ್ರಾಂಶ ಅದೇ ಕ್ಷಣ ಮುಚ್ಚಿಕೊಳ್ಳುತ್ತದೆ, ಉಳಿದ ದಿನಗಳು ಹೋಗುತ್ತವೆ. ಹೀಗೆ ಹೆದರಿಸಿದರೆ ಜನ ಕೊನೆಯ ದಿನದವರೆಗೆ ಕಾಯುತ್ತಾರೆ, ಕಾದವರು ಮರೆಯುತ್ತಾರೆ.

ಅನ್‌ಇನ್‌ಸ್ಟಾಲ್ ಆದ ಮೇಲೂ ವಿಂಡೋಸ್‌ನಲ್ಲಿ ನಿಮ್ಮ ಅಪ್‌ಡೇಟ್ ಸೇವೆ ಸರ್ವಿಸಸ್ ಪಟ್ಟಿಯಲ್ಲಿ ಹಾಗೇ ಇರುತ್ತದೆ. ಟಾಸ್ಕ್ ಶೆಡ್ಯೂಲರ್‌ನಲ್ಲಿ ಗಂಟೆಗೊಮ್ಮೆ ಓಡುವ ಒಂದು ಕೆಲಸ ಉಳಿಯುತ್ತದೆ. ರಾ ಫೈಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಇಲ್ಲದ ತಂತ್ರಾಂಶವನ್ನೇ ವಿಂಡೋಸ್ ಹುಡುಕುತ್ತದೆ. ಮ್ಯಾಕ್‌ನಲ್ಲಿ ಆಪನ್ನು ಕಸದ ಬುಟ್ಟಿಗೆ ಎಳೆದರೆ ಲೈಬ್ರರಿ ಫೋಲ್ಡರಿನ ಲಾಂಚ್‌ಏಜೆಂಟ್ಸ್ ಮತ್ತು ಲಾಂಚ್‌ಡೀಮನ್ಸ್‌ನಲ್ಲಿ ನಿಮ್ಮ ಫೈಲುಗಳು ಉಳಿದು, ಪ್ರತಿ ಸಲ ಯಂತ್ರ ಶುರುವಾದಾಗ ಅಥವಾ ಲಾಗಿನ್ ಆದಾಗ ಓಡಲು ಯತ್ನಿಸುತ್ತವೆ. ಬೇಕಾದ ಬ್ಯಾಕಪ್ ಅಳಿಸುವ ಅದೇ ಅನ್‌ಇನ್‌ಸ್ಟಾಲರ್, ಯಾರಿಗೂ ಬೇಡದ ಮುನ್ನೋಟ ಚಿತ್ರಗಳ ಹತ್ತಾರು ಜಿಬಿ ತಾತ್ಕಾಲಿಕ ಸಂಗ್ರಹವನ್ನು (ಕ್ಯಾಶ್) ಡಿಸ್ಕಿನಲ್ಲೇ ಬಿಡುತ್ತದೆ!

ಕೆಲಸ ಸಿಕ್ಕಿಬಿದ್ದವರು ಏನು ಮಾಡುತ್ತಾರೆಂದು ನಿಮಗೆ ತಿಳಿದಿರಲಿ. ಟ್ರಯಲ್ ರೀಸೆಟ್ ಮಾಡುವ ಉಪಕರಣ ಹುಡುಕುತ್ತಾರೆ. ಅಂಥವು ಆಡಳಿತಾಧಿಕಾರ ಕೇಳುತ್ತವೆ, ಆಂಟಿವೈರಸ್ ನಿಲ್ಲಿಸಿ ಎನ್ನುತ್ತವೆ. ಪಾಸ್‌ವರ್ಡ್ ಕದಿಯುವ ಕುತಂತ್ರಾಂಶ ಒಳನುಗ್ಗುವುದು ಆ ಬಾಗಿಲಿನಿಂದಲೇ. ಇಂಥ ಕ್ರ್ಯಾಕ್ (ಲೈಸೆನ್ಸ್ ಬೀಗ ಮುರಿಯುವ ಉಪಕರಣ) ಬಳಸಬೇಡಿ ಎಂದು ನಾವು ಎಲ್ಲರಿಗೂ ಹೇಳುತ್ತೇವೆ. ಹಾಗಾದರೆ ನಮ್ಮ ಚಿತ್ರಗಳನ್ನು ಹೊರತೆಗೆಯುವುದು ಹೇಗೆ ಎಂದು ಅವರು ಕೇಳಿದರೆ ಕೊಡಲು ನಮ್ಮಲ್ಲಿ ಉತ್ತರ ಇಲ್ಲ. ಆ ಉತ್ತರ ನೀವು ಕೊಡಬೇಕು.

ಆದ್ದರಿಂದ ತಕ್ಷಣಕ್ಕೆ ಎರಡು ಕೆಲಸ ಆಗಬೇಕು. ಈಗಾಗಲೇ ಅವಧಿ ಮುಗಿದಿರುವ ಕ್ಯಾಟಲಾಗ್‌ಗಳನ್ನು ತೆರೆದು ಸೈಡ್‌ಕಾರ್ ಬರೆದುಕೊಡುವ, ಬೇರೇನೂ ಮಾಡದ ಒಂದು ಸಣ್ಣ ಉಪಕರಣವನ್ನು ಲೈಸೆನ್ಸ್ ಕೇಳದೆ ಬಿಡುಗಡೆ ಮಾಡಿ. ಹೊಸ ಆವೃತ್ತಿಯ ಟ್ರಯಲ್‌ನಿಂದ ಕ್ಯಾಟಲಾಗ್ ಕಳೆದುಕೊಂಡ ಹಳೆಯ ಗ್ರಾಹಕರಿಗೆ ಅದನ್ನು ಹಿಂದಿನ ರಚನೆಗೆ ತಿರುಗಿಸಿಕೊಡಿ. ಇವೆರಡು ಸಿದ್ಧವಾಗುವವರೆಗೆ ಆ ‘ಬಳಕೆದಾರರ ಡೇಟಾ ಅಳಿಸಿ’ ಚೌಕದ ಗುರುತು ತೆಗೆಯಿರಿ. ಅದು ಒಂದು ಸಾಲಿನ ಬದಲಾವಣೆ, ಇವತ್ತೇ ಆಗಬಹುದು. ಮುಂದಿನ ಆವೃತ್ತಿಯಲ್ಲಿ ಅವಧಿ ಮುಗಿದ ಮೇಲೆ ನೋಡಲು, ಎಕ್ಸ್‌ಪೋರ್ಟ್ ಮಾಡಲು ಅವಕಾಶ ಇರಲಿ, ಸೈಡ್‌ಕಾರ್ ಸೆಟ್ಟಿಂಗ್ ಟ್ರಯಲ್‌ನಲ್ಲಿ ಮೊದಲಿನಿಂದಲೇ ಆನ್ ಇರಲಿ. ಸೂಚನೆಯಿಲ್ಲದೆ ಕಡಿತವಾದ ಹಣವನ್ನು, ಕಡಿತದ ನಂತರ ತಂತ್ರಾಂಶ ತೆರೆದೇ ಇಲ್ಲದ ಖಾತೆಗಳಿಗೆ, ಅರ್ಜಿಗೆ ಕಾಯದೆ ಮರಳಿಸಿ. ಯಾವ ಖಾತೆ ಯಾವತ್ತು ಲಾಗಿನ್ ಆಗಿತ್ತು ಎಂಬ ದಾಖಲೆ ನಿಮ್ಮ ಸರ್ವರ್‌ನಲ್ಲೇ ಇದೆ.

ಈ ಪತ್ರದೊಂದಿಗೆ ಮೂರೂ ಯಂತ್ರಗಳ ಲಾಗ್ ಫೈಲುಗಳು, ಅನ್‌ಇನ್‌ಸ್ಟಾಲ್‌ಗೆ ಮೊದಲಿನ ಮತ್ತು ನಂತರದ ಫೋಲ್ಡರ್ ಪಟ್ಟಿ, ಪರಿವರ್ತನೆಗೆ ಮೊದಲಿನ ಹಾಗೂ ನಂತರದ ಒಂದು ಮಾದರಿ ಕ್ಯಾಟಲಾಗ್ ಲಗತ್ತಿಸಿದ್ದೇವೆ. ಮಾದರಿಯಲ್ಲಿ 12 ಪರೀಕ್ಷಾ ಚಿತ್ರಗಳಷ್ಟೇ ಇವೆ, ನಿಮ್ಮ ತಂಡ ಅದೇ ಕ್ರಮದಲ್ಲಿ ಮಾಡಿ ನೋಡಬಹುದು. 15 ದಿನಗಳೊಳಗೆ ಲಿಖಿತ ಉತ್ತರ ಬೇಕು. ಸಿದ್ಧ ಉತ್ತರ ಬೇಡ. ಮೇಲಿನ ಯಾವ ತೊಂದರೆಯನ್ನು ಯಾವ ಆವೃತ್ತಿಯಲ್ಲಿ, ಯಾವ ದಿನಾಂಕದೊಳಗೆ ಸರಿಪಡಿಸುತ್ತೀರಿ ಎಂಬುದು ಅದರಲ್ಲಿರಬೇಕು.

ಇತಿ,
ನಿಮ್ಮ ತಂತ್ರಾಂಶದ ಬಳಕೆದಾರರು ಮತ್ತು ಅವರ ಕಂಪ್ಯೂಟರ್ ನಿರ್ವಾಹಕರು