ಪದರವಾಡಿಯ ಮನೆಗಳಿಗೆ ನಮ್ಮ ನಮಸ್ಕಾರ

ಡೊಂಬಿವಿಲಿ, ಕಲ್ಯಾಣ, ಠಾಣೆಗಳ ನಮ್ಮ ಕನ್ನಡ ಬಳಗದಿಂದ ಈ ಮಳೆಗಾಲದಲ್ಲಿ ಭೀಮಾಶಂಕರದ ಘಟ್ಟ ಹತ್ತಲು ಹೋಗಿದ್ದ ಮೂವತ್ತಕ್ಕೂ ಹೆಚ್ಚು ಮಂದಿ ಸುಖವಾಗಿ ಮನೆ ಸೇರಿದ್ದೇವೆ. ಕಾಲು ಉಳುಕಿಸಿಕೊಂಡಿದ್ದ ಇಂಡಿ ಊರಿನ ಕಾಕಾ ಅವರೂ ಈಗ ಕೋಲು ಬಿಟ್ಟು ನಡೆದಾಡುತ್ತಿದ್ದಾರೆ. ಇದಕ್ಕೆ ಕಾರಣರಾದವರಿಗೆ ಎಲ್ಲರ ಪರವಾಗಿ ಕೃತಜ್ಞತೆ ಸಲ್ಲಿಸುವ ಹೊಣೆಯನ್ನು ಬಳಗ ನನಗೆ ವಹಿಸಿದೆ.

ನಮ್ಮಲ್ಲಿ ಅರ್ಧಕ್ಕರ್ಧ ಜನ ಇಂಡಿ, ಅಫಜಲಪುರದ ಕಡೆಯವರು, ಭೀಮಾ ನದಿಯ ದಂಡೆಯಲ್ಲಿ ಬೆಳೆದವರು. ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, ಗಾಣಗಾಪುರವನ್ನು ಹಾದು, ರಾಯಚೂರಿನ ಬಳಿ ಕೃಷ್ಣೆಯನ್ನು ಕೂಡುವ ತಮ್ಮೂರ ಹೊಳೆ ಹುಟ್ಟುವ ಭೀಮಾಶಂಕರವನ್ನು ಒಮ್ಮೆಯಾದರೂ ಕಣ್ಣಾರೆ ಕಾಣಬೇಕೆಂಬುದು ಹಿರಿಯರ ಬಹುದಿನದ ಆಸೆಯಾಗಿತ್ತು. ಪುಣೆಯ ಕಡೆಯಿಂದ ಹೋದರೆ ಬಸ್ಸು ದೇವಸ್ಥಾನದ ಹತ್ತಿರಕ್ಕೇ ಮುಟ್ಟಿಸುತ್ತದೆ. ಆದರೆ ಕಿರಿಯರಿಗೆ ಕಾಡು ಬೇಕಿತ್ತು, ಕೆಂಜಳಿಲು ಕಾಣಬೇಕಿತ್ತು; ಹೀಗಾಗಿ ರಾಯಗಡ ಜಿಲ್ಲೆಯ ಕರ್ಜತ್ ತಾಲ್ಲೂಕಿನ ಖಾಂಡಸ್ ಊರಿನಿಂದ ಕಾಲುದಾರಿ ಹಿಡಿಯುವುದೆಂದು ತೀರ್ಮಾನವಾಯಿತು.

ಇದು ದೂರು ಬರೆಯುವ ಜಾಗವಲ್ಲವಾದ್ದರಿಂದ ಸಿದ್ಧತೆಯ ಮಾತನ್ನು ಬೇಗ ಮುಗಿಸುತ್ತೇನೆ. ತಲೆಗಿಷ್ಟೆಂದು ಹಣ ಪಡೆದು ನಮ್ಮನ್ನು ಕರೆದೊಯ್ದ ವ್ಯವಸ್ಥಾಪಕರ ಬಳಿ ಹಗ್ಗವಿರಲಿಲ್ಲ, ದಾರಿ ಬಲ್ಲ ಸ್ಥಳೀಯರಿರಲಿಲ್ಲ, ಸಾಕಷ್ಟು ಟಾರ್ಚುಗಳೂ ಇರಲಿಲ್ಲ. ಫೋನಿನ ನಕಾಶೆಯೊಂದನ್ನೇ ಅವರು ನೆಚ್ಚಿಕೊಂಡಿದ್ದರು. ಹಿಂದಿನ ದಿನವೇ ಹವಾಮಾನ ಇಲಾಖೆ ಅತಿ ಭಾರೀ ಮಳೆಯ, ಅಂದರೆ 24 ಗಂಟೆಗಳಲ್ಲಿ 115.6 ಮಿಲಿಮೀಟರಿಗೂ ಮೀರಿದ ಮಳೆಯ ಎಚ್ಚರಿಕೆ ಕೊಟ್ಟಿದ್ದರೂ, ಘಟ್ಟದಲ್ಲಿ ಮಳೆ ಬಾರದೆ ಬಿಸಿಲು ಬರುತ್ತದೆಯೇ ಎಂದು ನಕ್ಕುಬಿಟ್ಟರು. ಲೋಕಲ್ ರೈಲುಗಳು ತಡವಾಗಿ ಓಡುತ್ತಿದ್ದುದರಿಂದ ಹತ್ತಲು ತೊಡಗಿದ್ದೂ ಹೊತ್ತೇರಿದ ಮೇಲೆಯೇ.

ಘಟ್ಟದ ನಡುಮಟ್ಟದಲ್ಲಿರುವ ಪದರವಾಡಿಯನ್ನು ತಲುಪುವ ಹೊತ್ತಿಗೆ ಮಂಜು ಕವಿದು ಹತ್ತು ಹೆಜ್ಜೆ ಮುಂದಿನವರು ಕಾಣದಂತಾಗಿತ್ತು. ಅಲ್ಲಿ ಕೈಯಲ್ಲಿ ಕುಡುಗೋಲು ಹಿಡಿದು, ಮಳೆಗೆ ಎಲೆಯಿಂದ ಹೆಣೆದ ಇರಲೆ ಹೊದ್ದು ನಿಂತಿದ್ದ ಮಾವಶಿಯೊಬ್ಬರು (ಮರಾಠಿಯಲ್ಲಿ ಚಿಕ್ಕಮ್ಮ) ಮುಂದೆ ಹೋಗಕೂಡದೆಂದು ದಾರಿಗೆ ಅಡ್ಡಬಂದರು. ಮೇಲಿನ ದಾರಿಯಲ್ಲಿ ಆಗಲೇ ನೀರು ಇಳಿಯುತ್ತಿದೆ, ಕೆಳಗಿನ ಹಳ್ಳ ಇನ್ನೊಂದು ತಾಸಿನಲ್ಲಿ ದಾಟಲಾಗದಷ್ಟು ತುಂಬುತ್ತದೆ, ಹತ್ತುವುದೂ ಬೇಡ, ಇಳಿಯುವುದೂ ಬೇಡ ಎಂಬುದು ಅವರ ಮಾತು. ವ್ಯವಸ್ಥಾಪಕರು ವಾದಿಸಿದರು, ನಮ್ಮವರಲ್ಲಿ ಕೆಲವರು ಗೊಣಗಿದರು. ಮಾವಶಿ ಮಾಳೀಣದ ಹೆಸರೆತ್ತಿದ ಮೇಲೆ ಎಲ್ಲರೂ ಬಾಯಿ ಮುಚ್ಚಿಕೊಂಡರು. ಇದೇ ಸಹ್ಯಾದ್ರಿಯ ಅಂಬೇಗಾಂವ್ ತಾಲ್ಲೂಕಿನ ಆ ಊರಿನ ಮೇಲೆ 2014ರ ಜುಲೈ 30ರಂದು ಗುಡ್ಡವೇ ಜರಿದು ನೂರೈವತ್ತಕ್ಕೂ ಹೆಚ್ಚು ಜನ ಮಡಿದಿದ್ದರು. 2023ರ ಜುಲೈಯಲ್ಲಿ ಇರ್ಶಾಳವಾಡಿಯ ಮೇಲೆ ಮಣ್ಣು ಕುಸಿದದ್ದು ರಾಯಗಡ ಜಿಲ್ಲೆಯಲ್ಲೇ.

ನಮ್ಮನ್ನು ಕೆಳಗಿಳಿಸಿದವರಿಗೆ ಸಲ್ಲಬೇಕಾದ ಕೃತಜ್ಞತೆ ದೊಡ್ಡದೇ ಹೌದು. ಆದರೆ ನಮ್ಮ ಸಿಟ್ಟನ್ನು ಲೆಕ್ಕಿಸದೆ ತಡೆದು ನಿಲ್ಲಿಸಿದ ಆ ತಾಯಿಗೆ ಸಲ್ಲುವುದು ಅದಕ್ಕೂ ಮೊದಲಿನದು ಎಂದು ನಾನು ಭಾವಿಸುತ್ತೇನೆ. ಅವರು ತಡೆಯದಿದ್ದರೆ ಉಳಿದ ಯಾರ ನೆರವೂ ನಮ್ಮನ್ನು ಮುಟ್ಟುತ್ತಿರಲಿಲ್ಲ.

ಅಂದು ರಾತ್ರಿ ಆ ವಾಡಿಯವರು ನಮ್ಮನ್ನು ಮನೆಮನೆಗೆ ಹಂಚಿಕೊಂಡರು. ನಾನಿದ್ದ ಮನೆಯ ಚಾವಣಿ ಎರಡು ಕಡೆ ಸೋರುತ್ತಿತ್ತು. ಸೋರುವಲ್ಲಿ ಪಾತ್ರೆಯಿಟ್ಟು, ಒಣಗಿದ ಮೂಲೆಯನ್ನು ನಮಗೆ ಬಿಟ್ಟುಕೊಟ್ಟು, ಮನೆಯವರು ಒಲೆಯ ಪಕ್ಕ ಮುದುರಿ ಮಲಗಿದರು. ರಾಗಿಯ ಭಾಕರಿ ತಟ್ಟುತ್ತಿದ್ದ ಸೊಸೆಯ ಕೈ ತಡರಾತ್ರಿಯವರೆಗೂ ಬಿಡುವು ಕಂಡಿಲ್ಲ. ಹಿಟ್ಟಿನ ಡಬ್ಬಿ ತಳ ಕಂಡದ್ದನ್ನು ನಾನು ನೋಡಿದೆ, ಅವರು ಬಾಯಿಬಿಟ್ಟು ಹೇಳಲಿಲ್ಲ.

ನಮ್ಮ ಬಳಗದ ನರ್ಸ್ ಅಕ್ಕನವರಿಗೂ ಇಲ್ಲಿ ವಂದನೆ ಹೇಳಲೇಬೇಕು. ಕಾಲೇಜು ಹುಡುಗನೊಬ್ಬ ಗಡಗಡ ನಡುಗುತ್ತಾ, ಮಾತು ತೊದಲುತ್ತಾ ಕುಳಿತಿದ್ದಾಗ, ಕೈಕಾಲು ತಿಕ್ಕಲು ಹೊರಟವರನ್ನು ಅವರು ತಡೆದರು. ಒದ್ದೆ ಬಟ್ಟೆ ತೆಗೆಸಿ, ತಲೆಯ ಮೇಲಿಂದ ಕಂಬಳಿ ಹೊದಿಸಿ, ನಡುಕ ತುಸು ಇಳಿದ ಮೇಲೆ ಸಕ್ಕರೆ ಹೆಚ್ಚು ಹಾಕಿದ ಚಹಾವನ್ನು ಗುಟುಕು ಗುಟುಕಾಗಿ ಕುಡಿಸಿದರು. ವಿಪರೀತ ಚಳಿ ಹಿಡಿದ ಮೈಯನ್ನು ಉಜ್ಜಬಾರದು, ಒಮ್ಮೆಲೇ ಬೆಂಕಿಯ ಮುಂದೆ ಒಯ್ಯಬಾರದು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಾದದ್ದು ಅಂದೇ.

ಸುದ್ದಿ ಸಿಗದೆ ಕಂಗೆಟ್ಟಿದ್ದ ಡೊಂಬಿವಿಲಿಯ ವೈನಿಯವರು (ಅತ್ತಿಗೆ) ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿದ್ದರಿಂದ ಮಾತು ಕೆಳಗಿನ ಊರಿನ ಪೊಲೀಸ್ ಪಾಟೀಲರಿಗೆ, ಅಂದರೆ ಪೊಲೀಸರಿಗೆ ನೆರವಾಗುವ ಗ್ರಾಮಾಧಿಕಾರಿಗೆ, ಮುಟ್ಟಿತು. ಮರುದಿನ ಮಳೆ ಹಿಡಿತಕ್ಕೆ ಬಂದ ಮೇಲೆ ಅವರು ಕಳಿಸಿದ ತರುಣರು ಹಗ್ಗ ತಂದು, ಏಣಿಗಳ ಶಿಡಿ ಘಾಟನ್ನು ಬಿಟ್ಟು ಗಣೇಶ ಘಾಟಿನ ಸುತ್ತುದಾರಿಯಿಂದ ನಮ್ಮನ್ನು ಇಳಿಸಿದರು. ಕಾಕಾ ಅವರನ್ನು ಸರದಿಯ ಮೇಲೆ ಬೆನ್ನಿಗೆ ಹೊತ್ತರು. ಖಾಂಡಸ್‌ನಲ್ಲಿ ರಾತ್ರಿಯಿಡೀ ಕಾದಿದ್ದ ಟೆಂಪೊ ಚಾಲಕರು ಕಾದದ್ದಕ್ಕೆ ಒಂದು ಪೈಸೆಯನ್ನೂ ಹೆಚ್ಚು ಕೇಳಲಿಲ್ಲ. ಇವರೆಲ್ಲರಿಗೂ ನಾವು ಋಣಿಗಳು.

ಮಾವಶಿ ನಮ್ಮಿಂದ ಹಣ ಮುಟ್ಟಲಿಲ್ಲ. ಬಹಳ ಒತ್ತಾಯಿಸಿದ ಮೇಲೆ, ಕೊಡುವುದೇ ಆದರೆ ಮನೆಗಳಿಗೆ ಹೊದಿಸಲು ತಾಡಪತ್ರಿ ಕೊಡಿ ಎಂದರು. ಬಳಗ ಅದಕ್ಕೆ ಹಣ ಕೂಡಿಸಿದೆ. ರಾಗಿ, ಅಕ್ಕಿ, ಚಹಾಪುಡಿಗಳನ್ನೂ ಜೊತೆಗೆ ಕಳಿಸುತ್ತಿದ್ದೇವೆ. ಇಳಿಯುವಾಗ ಅವರು ಹೊದಿಸಿ ಕಳಿಸಿದ ಕಂಬಳಿಗಳು ಇನ್ನೂ ಕೆಲವರ ಮನೆಯಲ್ಲಿವೆ. ಅವನ್ನು ಬರುವ ಭಾನುವಾರದೊಳಗೆ ನನ್ನ ಬಳಿ ತಲುಪಿಸಬೇಕೆಂದು ಕೋರುತ್ತೇನೆ, ಅದೇ ಟೆಂಪೊದಲ್ಲಿ ಹೋಗಬೇಕಾಗಿದೆ. ದಯವಿಟ್ಟು ವಾಷಿಂಗ್ ಮಶೀನಿಗೆ ಹಾಕಬೇಡಿ, ಉಣ್ಣೆ ಕುಗ್ಗುತ್ತದೆ. ತಣ್ಣೀರಿನಲ್ಲಿ ಜಾಲಿಸಿ ನೆರಳಿನಲ್ಲಿ ಒಣಗಿಸಿದರೆ ಸಾಕು.