ಬೆಟಗೇರಿ ಮನೆ ಗೋಡೆಗೆ ಈಗಲೇ ಸಿಮೆಂಟ್ ತುಂಬಿಸಬೇಡ

ಅಣ್ಣಾ,

ನೀನು ಕಳಿಸಿದ ಗೋಡೆ ಬಿರುಕಿನ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಫೋನಿನಲ್ಲಿ ಹೇಳೋಣ ಅಂದರೆ ಅಪ್ಪ ನಡುವೆ ಬಾಯಿ ಹಾಕಿ "ಗೌಂಡಿ ನೋಡ್ಕೋತಾನ ಬಿಡು" ಅಂದುಬಿಡುತ್ತಾರೆ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ಸಿಮೆಂಟ್ ತುಂಬಿ ಬಣ್ಣ ಹೊಡೆಸೋದನ್ನು ಸದ್ಯಕ್ಕೆ ನಿಲ್ಲಿಸು. ಬಿರುಕು ಕಿಟಕಿ ಮೂಲೆಯಿಂದ ಓರೆಯಾಗಿ ಹತ್ತಿದೆ, ಮೇಲೆ ಅಗಲ, ಕೆಳಗೆ ಸಣ್ಣ. ಬಚ್ಚಲ ಕಡೆಯ ಮೂಲೆ ಕೂತಿರೋ ಲಕ್ಷಣ ಇದು. ಈಗ ಮುಚ್ಚಿದರೆ ಬೇಸಿಗೆಗೆ ಅದರ ಪಕ್ಕದಲ್ಲೇ ಇನ್ನೊಂದು ಬಿಡುತ್ತದೆ.

ಇಲ್ಲಿ ಅಮೆರಿಕದ ಡಲ್ಲಾಸಿನಲ್ಲೂ ಇದೇ ಗೋಳು. ಬ್ಲ್ಯಾಕ್‌ಲ್ಯಾಂಡ್ ಪ್ರೇರಿ ಅನ್ನುವ ಈ ಪಟ್ಟಿ ಪೂರ್ತಿ ನಮ್ಮೂರಿನಂಥದೇ ಎರೆ ಮಣ್ಣು, ಅಂದರೆ ಕಪ್ಪು ಜೇಡಿ, ಹಿಂದೆ ಹತ್ತಿ ಬೆಳೆಯುತ್ತಿದ್ದ ನೆಲ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಾಯಿ ಬಿಡುತ್ತದೆ. ಬೇಸಿಗೆಯಲ್ಲಿ ಜನ ಮನೆ ಸುತ್ತ ತೂತಿನ ಪೈಪ್ ಹಾಸಿ ಪಾಯಕ್ಕೆ ನೀರುಣಿಸುತ್ತಾರೆ, ಗದಗಿನಲ್ಲಿ ಹೀಗೆ ಮಾಡಿದರೆ ಓಣಿಯವರು ಹೊಡೆಯಲು ಬಂದಾರು!

ನಾವಿರುವ ಬಾಡಿಗೆ ಮನೆ 1970ರ ದಶಕದ್ದು. ಮಲಗೋ ಕೋಣೆ ಬಾಗಿಲು ಚೌಕಟ್ಟಿಗೆ ಕೂಡುತ್ತಲೇ ಇರಲಿಲ್ಲ. ಮಾಲೀಕ ರಿಪೇರಿಯವರನ್ನು ಕರೆಸಿದ. ಗೋಡೆಗುಂಟ ಗುಂಡಿ ತೋಡಿ, ಮನೆ ಭಾರವನ್ನೇ ಆಸರೆ ಮಾಡಿಕೊಂಡು ಹೈಡ್ರಾಲಿಕ್ ಜಾಕಿನಿಂದ ಉಕ್ಕಿನ ಕೊಳವೆಗಳನ್ನು ಒಂದರ ಮೇಲೊಂದು ಒತ್ತುತ್ತಾ ಹೋದರು, ಇನ್ನು ಇಳಿಯೋದೇ ಇಲ್ಲ ಅನ್ನೋವರೆಗೆ. ಆಮೇಲೆ ಅವುಗಳ ಮೇಲೆ ಜಾಕ್ ಇಟ್ಟು ಸ್ಲ್ಯಾಬನ್ನು, ಅಂದರೆ ಮನೆ ಕೂತಿರೋ ಕಾಂಕ್ರೀಟ್ ಹಾಸನ್ನು, ಸ್ವಲ್ಪ ಸ್ವಲ್ಪವೇ ಎತ್ತಿದರು. ಒಳಗೆ ನಿಂತರೆ ಗೋಡೆ ಲಟಕ್ ಲಟಕ್ ಅನ್ನೋದು ಕೇಳಿಸುತ್ತಿತ್ತು. ಎತ್ತಿದ ಮೇಲೆ ನೆಲದಡಿಯ ಪೈಪ್ ಒಡೆದಿದೆಯಾ ಅಂತ ನೀರು ತುಂಬಿಸಿ ನೋಡಿದರು.

ನಮ್ಮಲ್ಲೂ ಎತ್ತಿಸೋಣವಾ ಅಂತ ಕೇಳಿದ್ದೆಯಲ್ಲ, ಬೇಡ. ಇಲ್ಲಿ ಮನೆಯಡಿ ಒಂದೇ ಕಾಂಕ್ರೀಟ್ ಹಾಸು. ನಮ್ಮದು ಮಣ್ಣಲ್ಲಿ ಕೂರಿಸಿದ ಕಲ್ಲು, ಮೇಲೆ ಮಣ್ಣಿನ ಮಾಳಿಗೆಯ ಭಾರ. ಎತ್ತಲು ಹೋದರೆ ಕಲ್ಲು ಬಿಚ್ಚಿಕೊಳ್ಳುತ್ತವೆ. ಕೂತದ್ದು ಕೂತಿರಲಿ, ಇನ್ನು ಕೂರದಿದ್ದರೆ ಸಾಕು.

ಮೊದಲು ನೀರು. ನಳ ಬಂದ ದಿನ ಟಾಕಿ ತುಂಬಿ ಗೋಡೆ ಬುಡಕ್ಕೆ ಹರಿಯುತ್ತದೆ, ಆಮೇಲೆ ಮತ್ತೆ ನಳ ಬರೋವರೆಗೆ ಆ ಮಣ್ಣು ಒಣಗುತ್ತದೆ. ಎರೆಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಬಚ್ಚಲ ನೀರನ್ನು ಪೈಪ್ ಹಾಕಿ ನೇರ ಗಟಾರಕ್ಕೆ ಬಿಡಿಸು. ಗೋಡೆ ಸುತ್ತ ಮೂರಡಿ ಅಗಲ ಕಾಂಕ್ರೀಟ್ ಹಾಸು, ಇಳಿಜಾರು ಹೊರಗಡೆಗೆ. ಅಜ್ಜ ಕಾಲು ಇಳಿಬಿಟ್ಟು ನೇಯುತ್ತಿದ್ದ ಮಗ್ಗದ ಕುಣಿ ಇದ್ದದ್ದೂ ಬಿರುಕು ಬಿಟ್ಟ ಆ ಕೋಣೆಯಲ್ಲೇ ಅಲ್ವಾ? ಒಡೆದ ಹಂಚು, ಕಸ, ಸಡಿಲ ಮಣ್ಣು ಹಾಕಿ ಮುಚ್ಚಿದ್ದು. ನೀರು ಅಲ್ಲೇ ಇಳಿದು ನಿಲ್ಲುತ್ತಿದೆ ಅಂತ ನನಗೆ ಅನುಮಾನ.

ಬೇವಿನ ಮರ ಕಡಿಸೋ ಅವಸರ ಬೇಡ. ಬೇರು ನೀರು ಹೀರೋದು ನಿಜ, ಆದರೆ ಅಷ್ಟು ದೊಡ್ಡ ಮರ ಒಮ್ಮೆಲೇ ಹೋದರೆ ಒಣಗಿದ್ದ ಎರೆ ಮತ್ತೆ ನೀರು ಕುಡಿದು ಉಬ್ಬಿ ಗೋಡೆಯನ್ನು ಮೇಲಕ್ಕೆ ತಳ್ಳಬಹುದು. ಅವ್ವನ ಬೈಗುಳ ಬೇರೆ.

ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಸಿಮೆಂಟ್ ಮೆತ್ತು. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಅಂತ. ಬಿರುಕಿನ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ.

ಆಮೇಲೂ ಸರಿದರೆ ಪಾಯದ ಕೆಳಗೆ ಕಾಂಕ್ರೀಟ್ ಕೊಡಬೇಕು. ಹುಬ್ಬಳ್ಳಿಯಿಂದ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸು, ಖರ್ಚು ನಂದು. ಮೊದಲು ತೊಲೆಗಳಿಗೆ ಕಂಬ ಕೊಡಬೇಕು. ಗೋಡೆಯನ್ನು ಮೂರು-ನಾಲ್ಕು ಅಡಿಯ ತುಂಡುಗಳಾಗಿ ಗುರುತು ಮಾಡಿ, ಒಂದು ಬಿಟ್ಟು ಒಂದರಂತೆ, ಎರೆ ದಾಟಿ ಗಟ್ಟಿ ಗರಸು ಸಿಗೋವರೆಗೆ ತೋಡಿ ತುಂಬಬೇಕು. ಅದು ಗಟ್ಟಿಯಾದ ಮೇಲೆ, ಹಳೇ ಕಲ್ಲಿಗೂ ಅದಕ್ಕೂ ನಡುವಿನ ಸಂದಿಗೆ ನೀರು ಕಡಿಮೆ ಇರೋ ಗಾರೆ ಕುಟ್ಟಿ ಬಿಗಿ ಮಾಡಬೇಕು. ಪಕ್ಕದ ತುಂಡಿಗೆ ಕೈ ಹಾಕೋದು ಆಮೇಲೆ. ಬೇಗ ಮುಗಿಯುತ್ತೆ ಅಂತ ಗೌಂಡಿ ಉದ್ದಕ್ಕೂ ಒಂದೇ ಸಲ ತೋಡಲು ಹೊರಟರೆ ತಡೆದುಬಿಡು, ಗೋಡೆ ಅವರ ಮೈಮೇಲೇ ಬರುತ್ತದೆ. ಗುಂಡಿ ಬದಿಗೆ ಹಲಗೆ ಆಸರೆ ಇಲ್ಲದೆ ಯಾರನ್ನೂ ಕೆಳಗೆ ಇಳಿಸಬೇಡ.

ಟಾಕಿ ತುಂಬಿದಾಗ ನೀರು ತಾನೇ ನಿಲ್ಲಿಸೋ ಫ್ಲೋಟ್ ವಾಲ್ವ್ ಮಾತ್ರ ಈ ವಾರವೇ ಹಾಕಿಸು. ಕುಣಿ ಇದ್ದ ಜಾಗದಲ್ಲಿ ನೆಲ ಬಡಿದು ನೋಡು, ಟೊಳ್ಳು ಸದ್ದು ಬಂದರೆ ತಿಳಿಸು. ಆ ಕೋಣೆಯ ಬಿಗಿಯಾಗಿರೋ ಬಾಗಿಲನ್ನು ಸದ್ಯಕ್ಕೆ ಹಾಗೇ ತಳ್ಳಿ ಹಾಕಿಕೊಳ್ಳಲು ವೈನಿಗೆ ಹೇಳು, ಈಗಲೇ ಕೆತ್ತಿಸಬೇಡಿ.

ನಿನ್ನ ತಂಗಿ