ಲ್ಯಾಬ್‌ನವರ ಚಾರ್ಟ್ ಕೂಡ ನೋಡಿ

ಮಾನ್ಯರೇ,

ಈಗ ಊರೂರಲ್ಲೂ ರಕ್ತ ಪರೀಕ್ಷೆಯ ಲ್ಯಾಬ್. ರಿಯಾಯಿತಿ ಬ್ಯಾನರ್ ಎದ್ದು ಕಾಣುತ್ತದೆ, ಯಂತ್ರ ಸರಿಯಾಗಿ ಅಳೆಯುತ್ತಿದೆಯೇ ಎಂದು ತೋರಿಸುವ ಲೆವಿ-ಜೆನ್ನಿಂಗ್ಸ್ ಚಾರ್ಟ್ ಮಾತ್ರ ಹುಡುಕಿದರೂ ಸಿಗದು. 1950ರಷ್ಟು ಹಳೆಯ ವಿಧಾನವಿದು, ಗ್ರಾಫ್ ಹಾಳೆ ಇದ್ದರೆ ಸಾಕು.

ರೋಗಿಗಳ ಸ್ಯಾಂಪಲ್‌ಗೆ ಮುಂಚೆ ಕಂಟ್ರೋಲ್ ಸೀರಂ (ಫಲಿತಾಂಶ ಎಷ್ಟು ಬರಬೇಕೆಂದು ಮೊದಲೇ ಗೊತ್ತಿರುವ ಸ್ಯಾಂಪಲ್) ಹಾಕಿ ನೋಡಿ, ಬಂದ ಅಂಕಿಗೆ ಚಾರ್ಟಿನಲ್ಲಿ ಚುಕ್ಕೆ ಇಡಬೇಕು. ಅದರ ಗ್ಲೂಕೋಸ್ ಸರಾಸರಿ 100, ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಸರಾಸರಿಯಿಂದ ಆಚೀಚೆ ಆಗುವ ಸಹಜ ಏರಿಳಿತದ ಅಳತೆ) 3 ಎಂದಿಟ್ಟುಕೊಳ್ಳಿ. 94ರಿಂದ 106ರೊಳಗೆ, ಅಂದರೆ ಆಚೀಚೆ 2 ಎಸ್‌ಡಿಯೊಳಗೆ ಬಂದರೆ ಸರಿ. 3 ಎಸ್‌ಡಿ ಮೀರಿ 109 ದಾಟಿದರೆ ಅಥವಾ 91ಕ್ಕಿಂತ ಇಳಿದರೆ ರಿಪೋರ್ಟ್ ಕೊಡುವಂತಿಲ್ಲ. ಇಷ್ಟು ಲ್ಯಾಬಿನವರೆಲ್ಲರಿಗೂ ಗೊತ್ತು.

ಸತತ ಹತ್ತು ಸಲ 102, 104, 103 ಅಂತಲೇ ಬಂದರೆ? ಪ್ರತಿಯೊಂದೂ ಮಿತಿಯೊಳಗೇ ಇದೆ ಅಲ್ವಾ ಎಂದು ಹೊಸ ಹುಡುಗರು ಕೇಳುತ್ತಾರೆ. ಇದೆ, ಆದರೆ ಯಂತ್ರ ಒಂದು ಕಡೆ ವಾಲಿದೆ. ರಿಯೇಜೆಂಟ್ (ಪರೀಕ್ಷೆಗೆ ಬಳಸುವ ರಾಸಾಯನಿಕ) ಕೆಟ್ಟಿರಬಹುದು, ಕ್ಯಾಲಿಬ್ರೇಶನ್ (ಯಂತ್ರದ ಅಳತೆ ಹೊಂದಿಸುವುದು) ತಪ್ಪಿರಬಹುದು. ಚುಕ್ಕೆ ಇಡದಿದ್ದರೆ ಇದು ಕಣ್ಣಿಗೇ ಬೀಳುವುದಿಲ್ಲ.

107 ಬಂತೆಂದು ಸುಮ್ನೆ ಮತ್ತೆ ಮತ್ತೆ ಓಡಿಸಿ, ಚೆನ್ನಾಗಿ ಬಂದದ್ದನ್ನಷ್ಟೇ ಬರೆಯುವವರೂ ಇದ್ದಾರೆ. ಸುಮಾರು 20ಕ್ಕೆ ಒಂದು ಸಲ 2 ಎಸ್‌ಡಿ ದಾಟುವುದು ಸಹಜ. ಅದನ್ನೂ ಬರೆದಿಡಲಿ.

ತಪಾಸಣೆಗೆ ಬರುವ ಆರೋಗ್ಯ ಇಲಾಖೆಯವರು ಲೈಸೆನ್ಸ್ ಜೊತೆಗೆ ಆ ತಿಂಗಳ ಚಾರ್ಟನ್ನೂ ಕೇಳಿ ನೋಡಲಿ.

– ನಿವೃತ್ತ ಲ್ಯಾಬ್ ಟೆಕ್ನೀಷಿಯನ್, ದಾವಣಗೆರೆ